ಮಕ್ಕಳ ಕೋಣೆಗೆ ಬಣ್ಣವೋ, ಸ್ಟಿಕ್ಕರೋ, ಬಟ್ಟೆಯೋ, ಮೊರವೋ?

ಮಕ್ಕಳ ಕೋಣೆಯನ್ನು ಸ್ವಲ್ಪ ಚೆಂದ ಮಾಡಬೇಕು ಅಂತ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಬಣ್ಣ ಹೊಡೆಸೋದಾ, ಸ್ಟಿಕ್ಕರ್ ಅಂಟಿಸೋದಾ, ಇಲ್ಲಾ ಕೈಯಲ್ಲೇ ಏನಾದರೂ ಮಾಡೋದಾ?’ ಮೊಬೈಲಿನಲ್ಲಿ ನೋಡಿದ ಚಿತ್ರಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಆದರೆ ನಮ್ಮ ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಗೂ, ಹಳೇ ಅಗ್ರಹಾರದ ಸುಣ್ಣದ ಗಾರೆ ಗೋಡೆಯ ಮನೆಗೂ, ಮಂಡ್ಯದ ಹೊಸ ಬಡಾವಣೆಯ ಸ್ವಂತ ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ಮೊದಲು ಏನೇನು ನೋಡಿಕೊಳ್ಳಬೇಕು ಅಂತ ಹೇಳಿ, ಆಮೇಲೆ ಒಂದೊಂದನ್ನೇ ತೂಗಿ ನೋಡುತ್ತೇನೆ.

ಮೊದಲು ಗೋಡೆಯನ್ನು ಮುಟ್ಟಿ ನೋಡಿ

ಅಂಗೈಯನ್ನು ಗೋಡೆಯ ಮೇಲೆ ಒತ್ತಿ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಇಲ್ಲವೇ ಸುಣ್ಣದ ಹಾಗೇ ಪುಡಿ ಬಿಡುವ ಡಿಸ್ಟೆಂಪರ್ ಬಣ್ಣ. ಹತ್ತದಿದ್ದರೆ ಬಹುಮಟ್ಟಿಗೆ ಎಮಲ್ಷನ್, ಅಂದರೆ ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕಟ್ಟುವ ಬಣ್ಣ. ಇನ್ನೂ ಅನುಮಾನ ಇದ್ದರೆ ಒಂದು ಗೇಣು ಸೆಲ್ಲೋಟೇಪ್ ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿ. ಟೇಪಿನ ಹಿಂದೆ ಬಣ್ಣ ಬಂತು ಅಂದರೆ ಆ ಗೋಡೆಗೆ ಏನು ಅಂಟಿಸಿದರೂ ಬೀಳುತ್ತದೆ, ಬೀಳುವಾಗ ಬಣ್ಣವನ್ನೂ ಕಿತ್ತುಕೊಂಡೇ ಬೀಳುತ್ತದೆ. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ತೇವ ಏರಿ ಬಣ್ಣ ಹಕ್ಕಳೆ ಏಳುತ್ತಿದ್ದರೆ ಅಲಂಕಾರದ ಯೋಚನೆ ಆಮೇಲೆ. ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಸರಿಮಾಡಿಸಿ. ಅದರ ಮೇಲೆ ವಾಲ್‌ಪೇಪರ್ ಅಂಟಿಸಿ ಮುಚ್ಚಿದರೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಮಗು ಮಲಗುವ ಕೋಣೆಯಲ್ಲಿ ಅದು ಇರಲೇಬಾರದು.

ಎರಡನೆಯದು, ಮನೆ ಯಾರದು? ಬಾಡಿಗೆ ಮನೆಯಾದರೆ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚು ಹಿಡಿದುಕೊಳ್ಳುವುದು ನಮ್ಮ ಕಡೆ ರೂಢಿ. ಹೇಗೂ ಹಿಡಿಯುತ್ತಾರೆ ಅಂತ ಸುಮ್ನೆ ಕಡುನೀಲಿ ಬಳಿಯಬೇಡಿ. ಓನರ್‌ಗೆ ಮೊದಲೇ ಒಂದು ಮಾತು ಹೇಳಿ. ತಿಳಿ ಬಣ್ಣಕ್ಕೆ ಒಪ್ಪುವವರು ಎಷ್ಟೋ ಜನ ಇದ್ದಾರೆ. ಮೊಳೆ ಅಂದರೆ ಮಾತ್ರ ಮುಖ ಗಂಟು ಹಾಕುತ್ತಾರೆ.

ಮೂರನೆಯದು ಮಗುವಿನ ವಯಸ್ಸು. ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಅವರ ಕೋಣೆಯಲ್ಲಿ ಮಣಿ, ಗುಂಡಿ, ಕನ್ನಡಿ ಚೂರು, ಹುಣಸೆ ಬೀಜ ಇರುವ ಯಾವ ಅಲಂಕಾರದ ವಸ್ತುವೂ ಕೈಗೆಟುಕುವ ಎತ್ತರದಲ್ಲಿ ಬೇಡ. ನಾಲ್ಕರಿಂದ ಎಂಟರ ಮಕ್ಕಳು ತಾವೇ ಅಂಟಿಸಬೇಕು, ಬಳಿಯಬೇಕು ಅನ್ನುತ್ತಾರೆ. ಒಂಬತ್ತು ಹತ್ತು ದಾಟಿದವರಿಗೆ ನೀವು ಆರಿಸಿದ್ದು ಹಿಡಿಸುವುದೇ ಇಲ್ಲ. ಅವರನ್ನೇ ಕೇಳಬೇಕು.

ಆಮೇಲೆ ಧೂಳು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೋಡೆಗೆ ತೂಗುಹಾಕಿದ ಪ್ರತಿಯೊಂದನ್ನೂ ಯಾರೋ ಒಬ್ಬರು ಒರೆಸಬೇಕು, ಅಲ್ವಾ? ಮಗುವಿಗೆ ಉಬ್ಬಸ, ನೆಗಡಿ ಜಾಸ್ತಿ ಇದ್ದರೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

ದುಡ್ಡಿನ ವಿಷಯ ಕೊನೆಗೆ ಇಟ್ಟಿದ್ದೇನೆ. ಯಾಕೆಂದರೆ ಈ ಕೆಲಸ ಐನೂರು ರೂಪಾಯಿಯೊಳಗೂ ಆಗುತ್ತದೆ, ಐವತ್ತು ಸಾವಿರಕ್ಕೂ ಮುಗಿಯದೇ ಹೋಗುತ್ತದೆ. ನಾನು ನೋಡಿದ ಮಟ್ಟಿಗೆ ಮಕ್ಕಳು ತಮ್ಮ ಕೋಣೆಯಲ್ಲಿ ಕೊನೆಯವರೆಗೂ ಇಷ್ಟಪಡುವುದು ತಮ್ಮ ಕೈಗೆ ಎಟುಕುವಂಥದ್ದನ್ನು, ಬೇಕೆಂದಾಗ ಬದಲಾಯಿಸಬಹುದಾದ್ದನ್ನು. ಅಳತೆಪಟ್ಟಿ ಹಿಡಿದು ನಿಮ್ಮ ಮಗುವಿನ ಕಣ್ಣಿನ ಎತ್ತರ ನೋಡಿ. ಐದು ವರ್ಷದ ಮಗುವಿಗೆ ಅದು ಸುಮಾರು ಮೂರು, ಮೂರೂಕಾಲು ಅಡಿ. ನಾವು ಚಿತ್ರ ತೂಗುಹಾಕುವುದು ಐದಡಿಯ ಮೇಲೆ. ಆ ಚಿತ್ರ ನಮಗೆ ಕಾಣುತ್ತದೆ, ಮಗುವಿಗಲ್ಲ.

ಗೋಡೆಗೆ ಬಣ್ಣ

ಸ್ವಂತ ಮನೆ, ಗೋಡೆ ಒಣಗಿದೆ, ನಾಲ್ಕೈದು ವರ್ಷ ಮತ್ತೆ ಮುಟ್ಟುವ ಯೋಚನೆ ಇಲ್ಲ ಅಂದರೆ ಬಣ್ಣವೇ ಒಳ್ಳೆಯದು. ಧೂಳು ಕೂರುವುದಿಲ್ಲ, ಕಿತ್ತು ಬರುವುದಿಲ್ಲ. ಲೆಕ್ಕವೂ ಸುಲಭ. ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದು ಗೋಡೆ ಅಂದರೆ 100 ಚದರಡಿ. ಸಾಧಾರಣ ಎಮಲ್ಷನ್ ಎರಡು ಕೋಟ್ ಬಳಿದರೆ ಲೀಟರಿಗೆ ಸುಮಾರು 50-60 ಚದರಡಿ ಬರುತ್ತದೆ. ಎರಡು ಲೀಟರ್ ತಂದರೆ ಸಾಕು. ನಾಲ್ಕೂ ಗೋಡೆಗೆ ಗಾಢ ಬಣ್ಣ ಹೊಡೆದರೆ ಸಣ್ಣ ಕೋಣೆ ಇನ್ನೂ ಸಣ್ಣದಾಗಿ ಕಾಣುತ್ತದೆ. ಒಂದೇ ಗೋಡೆಗೆ ಬಳಿಯಿರಿ.

ನನಗೆ ಇದಕ್ಕಿಂತ ಇಷ್ಟವಾಗುವ ಇನ್ನೊಂದು ದಾರಿ ಇದೆ. ನಮ್ಮ ಸರ್ಕಾರಿ ಶಾಲೆಗಳ ಗೋಡೆ ನೋಡಿ. ಕೆಳಗಿನ ಮೂರು ನಾಲ್ಕು ಅಡಿ ಒಂದು ಗಾಢ ಬಣ್ಣ, ಮೇಲೆ ತಿಳಿ ಬಣ್ಣ. ಮಕ್ಕಳ ಕೈ, ಚೀಲ, ಬೆಂಚು ಉಜ್ಜುವುದೆಲ್ಲ ಆ ಕೆಳಗಿನ ಪಟ್ಟಿಯಲ್ಲೇ. ಮನೆಯಲ್ಲೂ ಹಾಗೇ ಮಾಡಿ. ಕೆಳಗಿನ ಮೂರೂವರೆ ಅಡಿಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಒಳ್ಳೆಯ ಎಮಲ್ಷನ್, ಮೇಲೆ ಇದ್ದ ಬಣ್ಣವೇ ಇರಲಿ. ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ನೇರ ಮಾಡಿಕೊಂಡರೆ ಪೇಂಟರ್ ಇಲ್ಲದೆ ಒಂದು ಭಾನುವಾರದಲ್ಲಿ ಆಗುವ ಕೆಲಸ. ಟೇಪನ್ನು ಬಣ್ಣ ಪೂರ್ತಿ ಒಣಗುವ ಮುಂಚೆಯೇ ಎಳೆಯಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಕಪ್ಪುಹಲಗೆ ಬಣ್ಣ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಗೋಡೆಯ ಒಂದು ಭಾಗಕ್ಕೆ ಬಳಿದು ಮಕ್ಕಳಿಗೆ ಸೀಮೆಸುಣ್ಣ ಕೊಟ್ಟರೆ ಖುಷಿಯೋ ಖುಷಿ. ಬಳಿದ ಮೇಲೆ ಎರಡು ಮೂರು ದಿನ ಒಣಗಲು ಬಿಟ್ಟು, ಮೊದಲು ಇಡೀ ಹಲಗೆಗೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ ಒರೆಸಬೇಕು. ಇದನ್ನು ಬಿಟ್ಟರೆ ಮೊದಲು ಬರೆದ ಅಕ್ಷರದ ಗುರುತು ಹಾಗೇ ಉಳಿಯುತ್ತದೆ. ಉಬ್ಬಸದ ಮಗು ಇರುವ ಮನೆಗೆ ಮಾತ್ರ ಇದನ್ನು ನಾನು ಹೇಳುವುದಿಲ್ಲ. ಸೀಮೆಸುಣ್ಣದ ಪುಡಿ ಹಾಸಿಗೆಯವರೆಗೂ ಹೋಗುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಕೇಂದ್ರ ಸರ್ಕಾರ ಮಾಡಿದ್ದು 2016ರಲ್ಲಿ. ಜಾರಿಗೆ ಬಂದಿದ್ದು 2017ರ ನವೆಂಬರ್‌ನಿಂದ. ಅದಕ್ಕೂ ಮುಂಚಿನ ಹಳೇ ಕಿಟಕಿ, ಬಾಗಿಲು, ತೊಟ್ಟಿಲಿನ ಎಣ್ಣೆ ಬಣ್ಣದಲ್ಲಿ ಸೀಸ ಜಾಸ್ತಿ ಇರುವ ಸಾಧ್ಯತೆ ಇದೆ. ಅಜ್ಜಿಯ ಕಾಲದ ತೊಟ್ಟಿಲಿಗೆ ಹೊಸ ಬಣ್ಣ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಹಳೇ ಬಣ್ಣವನ್ನು ಒಣಗಿದ್ದಾಗ ಎಮೆರಿ ಪೇಪರ್‌ನಲ್ಲಿ ಉಜ್ಜಬೇಡಿ, ಧೂಳು ಗಾಳಿಗೆ ಸೇರುತ್ತದೆ. ನೀರು ಹಾಕಿ ಉಜ್ಜುವ ಎಮೆರಿ ಪೇಪರ್ ಸಿಗುತ್ತದೆ. ಮಕ್ಕಳನ್ನು ಬೇರೆ ಕಡೆ ಕಳಿಸಿ, ಹೊರಗೆ ಇಟ್ಟುಕೊಂಡು, ಒದ್ದೆ ಮಾಡಿ ಉಜ್ಜಿ. ಕೆಳಗೆ ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹೊಸ ಡಬ್ಬಿ ಕೊಳ್ಳುವಾಗ ಸೀಸ ಸೇರಿಸಿಲ್ಲ ಅಂತ ಬರೆದಿದೆಯಾ ನೋಡಿ ತನ್ನಿ.

ಅಗ್ರಹಾರದ ಹಳೇ ಮನೆಗಳ ಗಾರೆ ಗೋಡೆಗೆ ಎಮಲ್ಷನ್ ಬೇಡ. ಅಲ್ಲಿ ಗೋಡೆಯ ತೇವ ಹೊರಗೆ ಹೋಗಬೇಕು. ಪ್ಲಾಸ್ಟಿಕ್ಕಿನಂಥ ಪದರ ಬಳಿದರೆ ಒಳಗಿನಿಂದ ಉಬ್ಬಿ ಬರುತ್ತದೆ. ಸುಣ್ಣಕ್ಕೇ ಪುಡಿ ಬಣ್ಣ ಬೆರೆಸಿ ಹೊಡೆಸುವುದು ಈಗಲೂ ಒಳ್ಳೆಯ ದಾರಿ, ಅಗ್ಗವೂ ಹೌದು.

ಸ್ಟಿಕ್ಕರ್, ವಾಲ್‌ಪೇಪರ್

ಇದಕ್ಕೆ ಜಾಸ್ತಿ ಹೊತ್ತು ಬೇಡ. ಎಮಲ್ಷನ್ ಗೋಡೆ, ಬಾಡಿಗೆ ಮನೆ, ಕೈಯಲ್ಲಿ ಸಮಯ ಇಲ್ಲ, ಇನ್ನೂರರಿಂದ ಆರುನೂರು ರೂಪಾಯಿಯಲ್ಲಿ ಸಂಜೆಯೊಳಗೆ ಮುಗಿಯಬೇಕು ಅಂದರೆ ಸ್ಟಿಕ್ಕರ್ ಸರಿ. ಸುಣ್ಣ, ಡಿಸ್ಟೆಂಪರ್ ಗೋಡೆಗೆ ಬೇಡವೇ ಬೇಡ. ಮಂಚದ ಪಕ್ಕ ಅಂಟಿಸಬೇಡಿ. ಮಧ್ಯಾಹ್ನ ನಿದ್ದೆ ಬಾರದೆ ಮಲಗಿದ ಮಗು ಉಗುರಿನಲ್ಲಿ ತುದಿ ಎಬ್ಬಿಸುತ್ತಾ ಇರುತ್ತದೆ. ಮೊದಲು ಆನೆಯ ಬಾಲ ಹೋಗುತ್ತದೆ, ಆಮೇಲೆ ಕಾಲು, ವಾರದಲ್ಲಿ ಆನೆಯೇ ಇರುವುದಿಲ್ಲ. ಕಿತ್ತ ಚೂರು ಬಾಯಿಗೆ ಹೋಗುವ ಭಯ ಬೇರೆ.

ಕಾರ್ಟೂನ್ ಪಾತ್ರಗಳ ಸ್ಟಿಕ್ಕರ್‌ಗಿಂತ ಗಿಡ, ಹಕ್ಕಿ, ಮೋಡ, ಚುಕ್ಕಿ ತರಹದವು ಹೆಚ್ಚು ಕಾಲ ಬಾಳುತ್ತವೆ. ನಾಲ್ಕನೇ ವರ್ಷಕ್ಕೆ ಪ್ರಾಣವಾಗಿದ್ದ ಪಾತ್ರ ಆರನೇ ವರ್ಷಕ್ಕೆ ‘ಚಿಕ್ಕ ಪಾಪುದು’ ಆಗಿಬಿಡುತ್ತದೆ. ಇಡೀ ಗೋಡೆಗೆ ವಾಲ್‌ಪೇಪರ್ ಹಾಕಿಸುವುದನ್ನು ಮಕ್ಕಳ ಕೋಣೆಗೆ ನಾನು ಒಪ್ಪುವುದಿಲ್ಲ. ದುಬಾರಿ. ಒಂದು ಮೂಲೆ ಹರಿದರೆ ಅಷ್ಟು ಮಾತ್ರ ರಿಪೇರಿ ಮಾಡಲು ಬರುವುದಿಲ್ಲ.

ಕಾಗದ

ಅಗ್ಗದಲ್ಲಿ ಅಗ್ಗ. ಚಾರ್ಟ್ ಶೀಟು, ಗ್ಲೇಜ್ ಪೇಪರ್, ಕತ್ತರಿ, ಅಂಟು ಇದ್ದರೆ ಶುರು ಮಾಡಬಹುದು. ನಾಲ್ಕು ವರ್ಷದ ಮಗುವೂ ಕೈಜೋಡಿಸುತ್ತದೆ. ಬೇಜಾರಾದರೆ ಕಿತ್ತು ಇನ್ನೊಂದು ಮಾಡಿದರಾಯಿತು. ಬಾಡಿಗೆ ಮನೆಯಲ್ಲಿ ಮೊಳೆಯೂ ಬೇಡ. ಕಿಟಕಿಯ ಸರಳಿನಿಂದ ಬೀರುವಿನ ಹಿಡಿಗೋ ಬಾಗಿಲ ಚಿಲಕಕ್ಕೋ ಒಂದು ಗೋಣಿ ದಾರ ಎಳೆದು ಕಟ್ಟಿ. ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಮಗು ಬರೆದ ಚಿತ್ರಗಳನ್ನು ಸಿಕ್ಕಿಸಿ. ಮಗುವಿನ ಎದೆಯ ಎತ್ತರಕ್ಕೆ ಕಟ್ಟಿದರೆ ತಾನೇ ಹಳೆಯದು ತೆಗೆದು ಹೊಸದು ಸಿಕ್ಕಿಸುತ್ತದೆ. ಕೊರಳಿಗೆ ಸಿಕ್ಕುವ ಭಯ ಇರುವ ಪುಟ್ಟ ಮಕ್ಕಳಿದ್ದರೆ ಮಾತ್ರ ದಾರ ಬೇಡ. ಅವರಿಗೆ ಒಂದು ಥರ್ಮಕೋಲ್ ಹಲಗೆ ಹಾಕೋಣ ಅಂತ ಕೆಲವರು ಅಂದುಕೊಳ್ಳುತ್ತಾರೆ, ಅದೂ ಬೇಡ. ಥರ್ಮಕೋಲ್ ಬೇಗ ಬೆಂಕಿ ಹಿಡಿಯುತ್ತದೆ, ಕೆರೆದರೆ ಕಾಳು ಕಾಳಾಗಿ ಉದುರುತ್ತದೆ. ದಪ್ಪ ರಟ್ಟಿಗೆ ಹಳೇ ಕಾಟನ್ ಬಟ್ಟೆ ಸುತ್ತಿದರೆ ಅದೇ ಬೋರ್ಡು.

ಕಾಗದದ ತೊಂದರೆ ಬಾಳಿಕೆ. ಬಿಸಿಲು ಬೀಳುವ ಗೋಡೆಯಲ್ಲಿ ಬೇಗ ಬಣ್ಣ ಮಾಸುತ್ತದೆ, ಮಳೆಗಾಲದಲ್ಲಿ ಮೆತ್ತಗಾಗಿ ಸುರುಟುತ್ತದೆ. ಅಂಟಿನ ವಾಸನೆಗೆ ಜಿರಲೆ, ಬೆಳ್ಳಿಹುಳ ಬರುತ್ತವೆ. ಹಿಂದೆ ಮೈದಾ ಗೋಂದು ಕಾಯಿಸುವಾಗ ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಮಕ್ಕಳು ಮುಟ್ಟುವ ಗೋಂದಿಗೆ ಅದನ್ನು ಹಾಕಲೇಬಾರದು, ಅದು ವಿಷ. ಬೇಕಾದಷ್ಟೇ ಮೈದಾ ಗೋಂದು ಕಾಯಿಸಿ ಅವತ್ತೇ ಮುಗಿಸಿ, ಇಲ್ಲವೇ ಅಂಗಡಿಯ ಬಿಳಿ ಅಂಟು ತನ್ನಿ. ಕಾಗದದ ತೂಗು ಹಕ್ಕಿಗಳನ್ನು ಫ್ಯಾನಿನಿಂದ ದೂರ ಕಟ್ಟಿ. ಸೀರಿಯಲ್ ಲೈಟಿಗೂ ಕಾಗದಕ್ಕೂ ಜೊತೆ ಬೇಡ.

ಬಟ್ಟೆ

ಹಳೇ ಕಾಟನ್ ಸೀರೆ ಇಲ್ಲದ ಮನೆ ಇಲ್ಲ. ಅಂಚು ಕತ್ತರಿಸಿ ಕಿಟಕಿಗೆ ಪರದೆ, ಒಡಲಿನಿಂದ ದಿಂಬಿನ ಕವರ್, ಉಳಿದದ್ದರಲ್ಲಿ ತ್ರಿಕೋನ ಕತ್ತರಿಸಿ ಲಾಡಿಗೆ ಹೊಲಿದರೆ ತೋರಣ. ಟೈಲರ್ ಅಂಗಡಿಯಲ್ಲಿ ಕೇಳಿದರೆ ಒಂದು ಚೀಲ ತುಂಬ ಚೂರು ಬಟ್ಟೆ ಕೊಡುತ್ತಾರೆ. ಖರ್ಚು ಬಹಳ ಕಡಿಮೆ. ಆದರೆ ಹೊಲಿಗೆ ಬರಬೇಕು, ಅಥವಾ ಹೊಲಿಸಲು ಕೂಲಿ ಕೊಡಬೇಕು.

ನಾನು ಎಲ್ಲರಿಗೂ ಹೇಳುವುದು ಜೇಬಿನ ಪರದೆ. ಎರಡಡಿ ಅಗಲ, ಮೂರಡಿ ಉದ್ದದ ದಪ್ಪ ಬಟ್ಟೆಗೆ, ಹಳೇ ಜೀನ್ಸ್ ಪ್ಯಾಂಟಿನ ಜೇಬುಗಳನ್ನೇ ಬಿಚ್ಚಿ ಸಾಲಾಗಿ ಹೊಲಿಯುವುದು. ಮೇಲಿನ ಮಡಿಕೆಯಲ್ಲಿ ಒಂದು ಕೋಲು ತೂರಿಸಿ ಬಾಗಿಲ ಹಿಂದಿನ ಕೊಕ್ಕೆಗೆ ತೂಗುಹಾಕಿ. ಬಣ್ಣದ ಪೆನ್ಸಿಲ್, ಕಾರು, ಬಾಚಣಿಗೆ, ಕರವಸ್ತ್ರ ಎಲ್ಲ ಅದರಲ್ಲಿ. ಅಲಂಕಾರವೂ ಆಯಿತು, ನೆಲದ ಮೇಲೆ ಹರಡುವ ಸಾಮಾನೂ ಕಡಿಮೆಯಾಯಿತು. ಎಂಟು ಹತ್ತು ಅಡಿಯ ಕೋಣೆಗೆ ಜಾಗ ಮಿಗಿಸುವಂಥ ಅಲಂಕಾರವೇ ಬೇಕು.

ಬಟ್ಟೆ ಧೂಳು ಹಿಡಿಯುತ್ತದೆ ನಿಜ, ಆದರೆ ಒಗೆಯಬಹುದು. ತಿಂಗಳಿಗೊಮ್ಮೆ ಬಿಚ್ಚಿ ಮಷೀನಿಗೆ ಹಾಕಲು ಬರುವಂತೆ ಹೊಲಿಸಿ. ಮಣಿ, ಜರಿ, ಕನ್ನಡಿ ಹಾಕಿ ಹೊಲಿಸಿದರೆ ಒಗೆಯಲು ಆಗುವುದಿಲ್ಲ. ಉಬ್ಬಸದ ಮಗುವಿದ್ದರೆ ಪರದೆ ಒಂದೇ ಸಾಕು, ತೋರಣ ಬೇಡ.

ಮೊರ, ಬುಟ್ಟಿ, ಗೊಂಬೆ

ಇದು ನಮ್ಮ ಊರಿನಲ್ಲಿ ಸುಲಭವಾಗಿ ಸಿಗುವಂಥದ್ದು. ಹೆಚ್ಚು ಜನ ಯೋಚಿಸುವುದೇ ಇಲ್ಲ. ಗೌರಿ ಹಬ್ಬ ಕಳೆದ ಮೇಲೆ ಎಷ್ಟೋ ಮನೆಗಳಲ್ಲಿ ಬಾಗಿನದ ಮೊರಗಳು ಅಟ್ಟ ಸೇರುತ್ತವೆ. ಅವನ್ನು ತೆಗೆದು ಬಳಿದು ಬರೆದು ಮಕ್ಕಳ ಕೋಣೆಯ ಗೋಡೆಗೆ ಮೂರು ನಾಲ್ಕು ಹಾಕಿದರೆ ಎಷ್ಟು ಕಳೆ ಬರುತ್ತದೆ ಅಂತ ಹಾಕಿದವರಿಗೇ ಗೊತ್ತು. ಪೂಜೆಯ ಮೊರವನ್ನು ಹಾಗೆ ಬಳಸಬಹುದೇ ಅಂತ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಬೇಡ ಅಂದರೆ ಮೈಸೂರಿನ ಬಂಬೂ ಬಜಾರಿನಲ್ಲಿ ಹೊಸ ಮೊರ, ಬುಟ್ಟಿ ಸಿಗುತ್ತವೆ. ಹಬ್ಬದ ಹಿಂದಿನ ವಾರ ಹೋಗಬೇಡಿ, ಆಗ ಬೆಲೆ ಏರಿರುತ್ತದೆ.

ನೇರವಾಗಿ ಬಿದಿರಿನ ಮೇಲೆ ಬಣ್ಣ ಬಳಿದರೆ ಸಂದುಗಳಲ್ಲಿ ಇಳಿದುಹೋಗುತ್ತದೆ. ಹಿಂದೆ ಅಜ್ಜಿಯರು ಮೊರಕ್ಕೆ ಕಾಗದ ಮೆಂತ್ಯ ಅರೆದು ಬಳಿಯುತ್ತಿದ್ದರಲ್ಲ, ಅದನ್ನೇ ಮಾಡಿ. ಹಳೇ ಪೇಪರನ್ನು ಮಕ್ಕಳ ಕೈಲಿ ಚೂರು ಚೂರು ಹರಿಸಿ. ಬಕೆಟ್ಟಿನಲ್ಲಿ ಎರಡು ಮೂರು ದಿನ ನೆನೆಹಾಕಿ, ನೀರು ಬದಲಾಯಿಸುತ್ತಾ ಇರಿ. ಒಂದು ಹಿಡಿ ಮೆಂತ್ಯವನ್ನು ರಾತ್ರಿಯೇ ನೆನೆಸಿ. ಎರಡನ್ನೂ ಒಟ್ಟಿಗೆ ನುಣ್ಣಗೆ ಅರೆಯಬೇಕು. ಅಡುಗೆಯ ಮಿಕ್ಸಿ ಜಾರ್ ಬೇಡ, ಪೇಪರಿನ ಮಸಿ ಇರುತ್ತದೆ. ಹಳೇ ಜಾರ್ ಇಲ್ಲದಿದ್ದರೆ ಕಲ್ಲಿನಲ್ಲಿ ಜಜ್ಜಿ, ಕೈಯಲ್ಲಿ ಕಿವುಚಿ. ಮೆಂತ್ಯದ ಲೋಳೆಯೇ ಅಂಟು, ಬೇರೆ ಗೋಂದು ಬೇಕಿಲ್ಲ. ಅರೆದದ್ದು ಬೆರಳಿಗೆ ಮೆತ್ತಗೆ, ಜಾರುವಂತೆ ಇರಬೇಕು. ತೆಳ್ಳಗೆ ಒಂದು ಪದರ ಬಳಿದು, ಒದ್ದೆ ಅಂಗೈಯಲ್ಲಿ ಸವರಿ ನಯ ಮಾಡಿ, ಬಿಸಿಲಿಗಿಡಿ. ದಪ್ಪ ಬಳಿದರೆ ಒಣಗುವಾಗ ಬಿರಿಯುತ್ತದೆ. ಒಣಗಿದ ಮೇಲೆ ಹಿಂಬದಿಗೂ ಒಂದು ಪದರ. ನಾಲ್ಕೈದು ದಿನ ಮೆಂತ್ಯದ ವಾಸನೆ ಇರುತ್ತದೆ, ಆಮೇಲೆ ಹೋಗುತ್ತದೆ. ಇದರ ಮೇಲೆ ಪೋಸ್ಟರ್ ಕಲರ್ ಚೆನ್ನಾಗಿ ಕೂರುತ್ತದೆ. ಚುಕ್ಕಿ ರಂಗೋಲಿ, ಮೀನು, ಸೂರ್ಯ, ಮಗುವಿಗೆ ಏನು ತೋಚುತ್ತದೋ ಬರೆಯಲಿ. ನೀವು ತಿದ್ದಬೇಡಿ. ಇದೇ ಹಿಟ್ಟನ್ನು ಬುಟ್ಟಿಗೂ ಬಳಿದರೆ ಆಟದ ಸಾಮಾನು ತುಂಬುವ ಗಟ್ಟಿ ಬುಟ್ಟಿ.

ಸಮಯ ಬೇಕು ಅನ್ನುವುದೇ ಇದರ ತೊಂದರೆ. ಎಲ್ಲ ಸೇರಿ ಒಂದೂವರೆ ಎರಡು ವಾರ ಹಿಡಿಯುತ್ತದೆ, ಬಿಸಿಲೂ ಬೇಕು. ಮಳೆಗಾಲದಲ್ಲಿ ತೇವದ ಗೋಡೆಗೆ ಒತ್ತಿ ಹಾಕಿದರೆ ಬೂಷ್ಟು ಬರುತ್ತದೆ. ಬಿದಿರಿಗೆ ಹುಳ ಹಿಡಿದರೆ ಕೆಳಗೆ ಹಳದಿ ಹಿಟ್ಟು ಉದುರುತ್ತದೆ, ಅದು ಕಂಡ ದಿನವೇ ಬಿಸಿಲಿಗೆ ಹಾಕಿ. ಅಡಿಕೆ ಹಾಳೆ ತಟ್ಟೆಯ ಮೇಲೆ ಬರೆದು ತೂಗುಹಾಕುವುದೂ ಸುಲಭದ ಕೆಲಸ. ಅದು ಮೊರದಷ್ಟು ಬಾಳುವುದಿಲ್ಲ, ಆದರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಗೊಂಬೆಯ ಮಾತು ಬಂದಾಗ ಮೈಸೂರಿನವರಿಗೆ ದಸರಾ ನೆನಪಾಗದೆ ಇರುತ್ತದೆಯೇ? ಹಬ್ಬ ಮುಗಿದ ಮೇಲೆ ಪಟ್ಟದ ಗೊಂಬೆಗಳು ಪೆಟ್ಟಿಗೆ ಸೇರಲಿ. ಆದರೆ ಮಗುವಿನ ಕೋಣೆಯ ಗೋಡೆಗೂಡಿನಲ್ಲಿ ಎರಡು ಮೂರು ಮೆಟ್ಟಿಲಿನ ಪುಟ್ಟ ಗೊಂಬೆ ಸಾಲು ವರ್ಷವಿಡೀ ಇರಬಹುದು. ಮೆಟ್ಟಿಲಿಗೆ ಶೂ ಡಬ್ಬಿ, ಮೇಲೆ ಸೀರೆಯ ತುಂಡು. ತಿಂಗಳಿಗೊಂದು ಕಥೆ ಇಟ್ಟುಕೊಂಡು ಮಗುವೇ ಜೋಡಿಸಲಿ. ಯೋಚನೆ ಬೇಕಿದ್ದರೆ ದಸರಾ ಹೊತ್ತಿಗೆ ನಜರ್‌ಬಾದ್‌ನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ ‘ಬೊಂಬೆ ಮನೆ’ ಗೊಂಬೆ ಪ್ರದರ್ಶನಕ್ಕೆ ಮಗುವನ್ನು ಕರೆದುಕೊಂಡು ಹೋಗಿ. ಚನ್ನಪಟ್ಟಣದ ಗೊಂಬೆ ಈ ಸಾಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆಲೆ ಮರದ್ದು, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಹಿಡಿದು ಮಾಡುತ್ತಾರೆ, ಅಂಚು ಚುಚ್ಚುವುದಿಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿ ಹೋಗುವುದರಿಂದ ಗೊಂಬೆ ತರಲು ಈಗ ಹಳೇ ರಸ್ತೆಗೆ ಇಳಿದೇ ಹೋಗಬೇಕು. ಬೆಲೆ ಪ್ಲಾಸ್ಟಿಕ್ಕಿಗಿಂತ ಜಾಸ್ತಿ. ಆದರೆ ತಮ್ಮನಿಗೂ ತಂಗಿಗೂ ಆಗುತ್ತದೆ.

ಕಪಾಟು, ಶೆಲ್ಫು ತರಿಸುವವರು ಒಂದನ್ನು ಮಾತ್ರ ಮರೆಯಬೇಡಿ. ಮಕ್ಕಳು ಅದನ್ನು ಹತ್ತುತ್ತಾರೆ. ಎತ್ತರದ್ದೆಲ್ಲವನ್ನೂ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಬೇಕು. ಬಾಡಿಗೆ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಮಗುವಿನ ಸೊಂಟದ ಎತ್ತರ ಮೀರದ ಶೆಲ್ಫನ್ನೇ ಇಡಿ.

ಹಾಗಾದರೆ ಯಾರಿಗೆ ಯಾವುದು?

ಬಾಡಿಗೆ ಮನೆ, ಡಿಸ್ಟೆಂಪರ್ ಗೋಡೆ, ಐನೂರು ರೂಪಾಯಿ ಒಳಗೆ ಆಗಬೇಕು ಅನ್ನುವವರು ದಾರ, ಕ್ಲಿಪ್ಪು, ಜೇಬಿನ ಪರದೆಗೆ ಹೋಗಿ. ಬಾಡಿಗೆ ಮನೆಯೇ, ಆದರೆ ಎಮಲ್ಷನ್ ಗೋಡೆ, ಇಬ್ಬರೂ ಕೆಲಸಕ್ಕೆ ಹೋಗುವವರು ಅಂದರೆ ನಾಲ್ಕು ಸ್ಟಿಕ್ಕರ್, ಒಂದು ಗೊಂಬೆ ಸಾಲು. ಸ್ವಂತ ಮನೆ, ಎರಡು ಮೂರು ಸಾವಿರ ಖರ್ಚು ಮಾಡಬಲ್ಲಿರಿ ಅಂದರೆ ದುಡ್ಡನ್ನು ಕೆಳಗಿನ ಮೂರೂವರೆ ಅಡಿಯ ಒಳ್ಳೆಯ ಬಣ್ಣಕ್ಕೆ ಹಾಕಿ, ಮೇಲಿನ ಗೋಡೆಯನ್ನು ಮಕ್ಕಳ ಮೊರಗಳಿಗೆ ಬಿಡಿ. ಒಂದೇ ಕೋಣೆಯಲ್ಲಿ ಅಕ್ಕ, ತಮ್ಮ ಇಬ್ಬರೂ ಇದ್ದರೆ ಗೋಡೆಗೆ ಇಬ್ಬರದೂ ಅಲ್ಲದ ತಿಳಿ ಬಣ್ಣ, ಇಬ್ಬರಿಗೂ ಬೇರೆ ಬೇರೆ ಬೋರ್ಡು. ಉಬ್ಬಸದ ಮಗುವಿದ್ದರೆ ಒಗೆಯುವ ಪರದೆ ಬಿಟ್ಟರೆ ಬಣ್ಣ ಮತ್ತು ಒರೆಸಲು ಬರುವ ಮರದ ಗೊಂಬೆ, ಅಷ್ಟೇ. ಬಳಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಡಿ.

ಅಜ್ಜಿ ತಾತ ಮನೆಯಲ್ಲಿದ್ದು, ಮಕ್ಕಳಿಗೆ ದಸರಾ ರಜೆ ಅಥವಾ ಬೇಸಿಗೆ ರಜೆ ಇದ್ದರೆ ಮೊರದ ಕೆಲಸಕ್ಕೇ ಕೈಹಾಕಿ ಅಂತ ನಾನು ಒತ್ತಿ ಹೇಳುತ್ತೇನೆ. ಪೇಪರ್ ಹರಿಯುವುದು ಮೂರು ವರ್ಷದವರಿಗೆ, ಸವರುವುದು ಆರು ವರ್ಷದವರಿಗೆ, ಹದ ನೋಡುವುದು ಅಜ್ಜಿಗೆ. ಎಲ್ಲರಿಗೂ ಅದರಲ್ಲಿ ಕೆಲಸ ಇದೆ.

ಬಣ್ಣ ಹೊಡೆಸುವವರು ಫೆಬ್ರವರಿಯಿಂದ ಏಪ್ರಿಲ್ ಮಧ್ಯದೊಳಗೆ ಮುಗಿಸಿಕೊಳ್ಳಿ. ಮೇ ತಿಂಗಳ ಗುಡುಗು ಮಳೆ ಶುರುವಾದರೆ, ಬಣ್ಣಕ್ಕೆ ಮುಂಚೆ ಗೋಡೆ ನಯ ಮಾಡಲು ಬಳಿಯುವ ಪುಟ್ಟಿ ಒಣಗಲು ಹಠ ಮಾಡುತ್ತದೆ. ಹೊಸ ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸುವ ಯೋಚನೆ ಇದ್ದರೆ ಕನಿಷ್ಠ ಮೂರು ವಾರ ಬಿಟ್ಟು ಅಂಟಿಸಿ.